ಪೀತಮ್‌ಪುರದ ತಾರಸಿಯ ಮೇಲೆ ಧ್ರುವಪ್ರಭೆ

ಭಾವನವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಯೋಚನೆಯೂ ಇಲ್ಲ.

ನನ್ನ ಗಂಡನ ಅಣ್ಣ ಅವರು, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಸೆಕ್ಷನ್ ಆಫೀಸರ್. ಎರಡು ಸಾವಿರದ ಮೂರರಲ್ಲಿ ದೆಹಲಿಯ ಪೀತಮ್‌ಪುರದ ಅವರ ಫ್ಲ್ಯಾಟಿನಲ್ಲೇ ನಾವೂ ಇದ್ದೆವು. ಹತ್ತಿರದ ಶಾಲೆಯಲ್ಲಿ ನಾನು ಭೂಗೋಳ ಕಲಿಸುತ್ತಿದ್ದೆ. ಇನ್ನೇನು ಕೆಲಸ ಕಾಯಂ ಆಗಬೇಕು, ದಸರಾ ರಜೆ ಮುಗಿಸಿ ಹೋದರೆ ನನ್ನ ತರಗತಿಯಲ್ಲಿ ಬೇರೊಬ್ಬಳು ಪಾಠ ಮಾಡುತ್ತಿದ್ದಾಳೆ! "ನೀವು ಕೆಲಸ ಬಿಡ್ತೀರಿ ಅಂತ ನಿಮ್ಮ ಜೇಠ್‌ಜೀ ಫೋನ್ ಮಾಡಿದ್ದರಲ್ಲ" ಎಂದರು ಪ್ರಿನ್ಸಿಪಾಲ್ ಮೇಡಂ. ಜೇಠ್‌ಜೀ ಅಂದರೆ ಇದೇ ಭಾವ.

ಮನೆಗೆ ಬಂದು ಕೇಳಿದರೆ ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. "ಬೆಳಿಗ್ಗೆ ಅಡುಗೆಮನೆ ಯಾರು ನೋಡ್ಕೋಬೇಕಮ್ಮ? ನಮ್ಮನೆ ಹೆಂಗಸರು ದುಡಿದು ತರೋ ಗತಿ ಇನ್ನೂ ಬಂದಿಲ್ಲ." ನನ್ನ ಗಂಡ ಗೋಡೆ ನೋಡುತ್ತಾ, "ಹೋಗ್ಲಿ ಬಿಡು, ಅಣ್ಣ ಅಲ್ವಾ" ಎಂದರು. ಮೈಯೆಲ್ಲ ಉರಿದುಹೋಯಿತು. ಇರಿ, ಒಂದಲ್ಲ ಒಂದು ದಿನ ಮಾಡ್ತೀನಿ ನಿಮಗೆ ಎಂದುಕೊಂಡೆ.

ಆ ದಿನ ತಾನಾಗಿಯೇ ಬಂತು. ಸೂರ್ಯನಲ್ಲಿ ಭಾರಿ ಸ್ಫೋಟವಾಗಿ, ಧ್ರುವದ ಹತ್ತಿರ ಕಾಣಬೇಕಾದ ಬಣ್ಣದ ಬೆಳಕು ಎಷ್ಟೋ ದಕ್ಷಿಣದ ಊರುಗಳಲ್ಲೂ ಕಂಡಿತೆಂದು ನವೆಂಬರಿನಲ್ಲಿ ಟಿವಿಯವರು ಹೇಳಿದರು. ದೆಹಲಿಯಲ್ಲೂ ಕಂಡೇ ಕಾಣುತ್ತದೆಂದು ಭಾವ ತೀರ್ಮಾನಿಸಿಬಿಟ್ಟರು. ಕನ್ನಡದವರೇ ಆದ ತಮ್ಮ ಮೇಲಧಿಕಾರಿ ದಂಪತಿಯನ್ನೂ ಇನ್ನೂ ಮೂರ್ನಾಲ್ಕು ಕನ್ನಡದ ಮನೆಯವರನ್ನೂ ಶನಿವಾರ ಸಂಜೆ ತಾರಸಿಗೆ ಕರೆದರು.

"ಭಾವ, ಆ ಬೆಳಕು ಎಷ್ಟೇ ಕೆಳಗಿಳಿದರೂ..." ಎಂದು ನಾನು ಬಾಯಿ ತೆರೆದೆ.

"ನೀನು ಬಿಸಿಬೇಳೆಬಾತ್ ನೋಡ್ಕೊಳಮ್ಮ, ಆಕಾಶ ನಾನು ನೋಡ್ಕೋತೀನಿ."

ತಾವು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜನ. ಆಗಲಿ ಎಂದೆ. ಅಷ್ಟೇ ಅಲ್ಲ, ಅವರು ಕರೆಯದೆ ಬಿಟ್ಟಿದ್ದ ಇನ್ನೆರಡು ಮನೆಗಳಿಗೂ ನಾನೇ ಫೋನ್ ಮಾಡಿ ಕರೆದೆ. ನೋಡುವವರು ಹೆಚ್ಚಿದ್ದಷ್ಟೂ ಒಳ್ಳೆಯದಲ್ಲವೇ!

ಆ ಸಂಜೆ ಹೊಗೆಮಂಜಿನಲ್ಲಿ ಒಂದು ನಕ್ಷತ್ರವೂ ಕಾಣುತ್ತಿರಲಿಲ್ಲ. ಭಾವ ಮಫ್ಲರ್ ಸುತ್ತಿಕೊಂಡು ಭಾಷಣ ಶುರು ಮಾಡಿದ್ದರು. ಅಷ್ಟರಲ್ಲಿ ಉತ್ತರ ದಿಕ್ಕಿನಲ್ಲಿ ಹಸಿರು ಬೆಳಕೊಂದು ಮೆಲ್ಲಗೆ ಎದ್ದು, ಮಂಜಿನಲ್ಲಿ ಹರಡಿ, ಪಕ್ಕಕ್ಕೆ ಬಾಗಿತು.

"ಬಂತು! ಬಂತು ನೋಡಿ ಸರ್!" ಎಂದು ಭಾವ ಕೂಗಿದರು. ಸಾಹೇಬರು ಕನ್ನಡಕ ಒರೆಸಿಕೊಂಡು ನೋಡಿದರು. ಪಕ್ಕದ ಬ್ಲಾಕಿನ ಅಜ್ಜಿಯೊಬ್ಬರು ಕೈಯನ್ನೇ ಮುಗಿದರು. ನನಗೆ ನೋಡಿದ ಕೂಡಲೇ ಗೊತ್ತಾಯಿತು, ಕರ್ನಾಲ್ ರಸ್ತೆಯ ಮದುವೆ ಫಾರ್ಮ್‌ಹೌಸ್‌ಗಳಿರುವುದು ಆ ಕಡೆಗೇ. ಆದರೂ ಬಾಯಿ ಬಿಡಲಿಲ್ಲ. ಸೂರ್ಯನಿಂದ ಹಿಡಿದು ಅಯಸ್ಕಾಂತದವರೆಗೆ ಭಾವ ವಿವರಿಸಿ ಮುಗಿಸಲಿ ಎಂದು ಕಾದೆ.

ಆಮೇಲೆ ಸಾಹೇಬರ ಕೈಗೆ ತಟ್ಟೆ ಕೊಡುತ್ತಾ ಸಾವಕಾಶವಾಗಿ ಹೇಳಿದೆ: "ಸರ್, ಅದು ಮದುವೆ ಮನೆ ಸರ್ಚ್‌ಲೈಟು. ನೋಡ್ತಾ ಇರಿ, ಸುತ್ತು ಹಾಕಿ ಅದೇ ಜಾಗಕ್ಕೆ ಬರುತ್ತೆ." ಬಂತು. ಇನ್ನೊಂದು ಸುತ್ತೂ ಬಂತು. "ಧ್ರುವದ ಬೆಳಕು ಯುರೋಪಿನ ನಡುವಿನ ತನಕ ಇಳಿದರೂ ದೆಹಲಿ ಅದಕ್ಕಿಂತ ಎಷ್ಟೋ ಕೆಳಗಿದೆ ಸರ್. ಇಲ್ಲಿ ಕಾಣಲ್ಲ ಅಂತಲೇ ಇಟ್ಕೊಳ್ಳಿ. ಮೇಲೆ ಈ ಹೊಗೆ ಬೇರೆ."

ಮೊದಲು ನಕ್ಕವರು ಸಾಹೇಬರ ಹೆಂಡತಿ. ಆಮೇಲೆ ಎಲ್ಲರೂ ನಕ್ಕರು. ಭಾವನ ಮುಖ ಹರಳೆಣ್ಣೆ ಕುಡಿದಂತಾಯಿತು. ಆಹಾ, ನನ್ನ ಹೊಟ್ಟೆ ತಣ್ಣಗಾಯಿತು!

"ಎಷ್ಟು ಚೆನ್ನಾಗಿ ಹೇಳ್ತೀರಮ್ಮ, ಎಲ್ಲಿ ಟೀಚರ್ರು ನೀವು?" ಎಂದು ಆಕೆ ಕೇಳಿದರು.

"ಆಗಿದ್ದೆ ಮೇಡಂ. ನನ್ನನ್ನ ಒಂದು ಮಾತೂ ಕೇಳದೆ ಭಾವನೇ ಫೋನ್ ಮಾಡಿ ಬಿಡಿಸಿದ್ರು."

ಗಂಡ ನನ್ನ ಸೆರಗು ಜಗ್ಗಿದರು, ಕೊಸರಿಕೊಂಡೆ. ಸಾಹೇಬರು ತಟ್ಟೆ ಕೆಳಗಿಟ್ಟು ಭಾವನ ಕಡೆ ತಿರುಗಿದರು. "ಏನ್ರೀ ಇದು? ಸೋಮವಾರ ಆ ಸ್ಕೂಲಿಗೆ ಫೋನ್ ಮಾಡಿ ತಪ್ಪಾಯ್ತು ಅಂತ ಹೇಳ್ರೀ. ಏನಾಯ್ತು ಅಂತ ಆಮೇಲೆ ನನಗೆ ಬಂದು ಹೇಳಿ."

ಸೋಮವಾರ ಭಾವ ಫೋನ್ ಮಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. "ಗಲ್ತಿ ಮೇರೀ ಥೀ ಮೇಡಂ" ಎಂದು, ತಪ್ಪು ತಮ್ಮದೇ ಎಂದು ಬೇಡಿಕೊಂಡರು. ಜಾಗ ತುಂಬಿಹೋಗಿದೆ ಎಂಬ ಉತ್ತರ ಬಂತು. ರಿಸೀವರ್ ಇಟ್ಟು, "ನೋಡಮ್ಮ, ನನ್ನ ಕೈಲಾದ್ದು ನಾನು ಮಾಡ್ದೆ" ಎಂದರು. ಆ ಮುಖದಲ್ಲಿ ನೆಮ್ಮದಿ ಬೇರೆ!

"ಎಲ್ಲಿ ಮಾಡಿದ್ರಿ ಭಾವ?" ಎಂದು ಟೆಲಿಫೋನ್ ಡೈರೆಕ್ಟರಿಯನ್ನು ಅವರ ಮುಂದೆ ಬಿಚ್ಚಿಟ್ಟೆ. "ದೆಹಲಿಯಲ್ಲಿ ಸ್ಕೂಲಿಗೇನು ಬರವೇ? ನನಗೆ ಕೆಲಸ ಸಿಗೋವರೆಗೂ ಒಂದೊಂದಾಗಿ ಕೇಳ್ತಾ ಹೋಗಿ."

ಭಾವ ತಮ್ಮನ ಕಡೆ ನೋಡಿದರು. ನನ್ನ ಗಂಡ ಈ ಸಲವೂ ಗೋಡೆ ನೋಡುತ್ತಿದ್ದರು. ಭಾವ ರಿಸೀವರ್ ಎತ್ತಿದರು.