ಗಡ್ಡದವರ ವರದಿ

ಮಂಚೂರಿಯಾದ ಆ ರೈಲುಪೇಟೆಯ ವಿದೇಶಿ ಕಾನ್ಸುಲ್ ಕಚೇರಿಯಲ್ಲಿ ಗ್ವಾನ್ ದೆಲು ಹಳೆಯ ದುಭಾಷಿ. ಹಳಿಯ ಉತ್ತರ ತುದಿ ರಷ್ಯನ್ನರದು, ದಕ್ಷಿಣ ತುದಿ ಜಪಾನಿಯರದು, ನಡುವಿನದು ಯಾರದೆಂದು ಕೇಳಿದರೆ ಗುಂಡು ಹಾರುತ್ತಿತ್ತು. ಯಾರು ಎಲ್ಲಿ ಸೇನೆ ಇಳಿಸಿದರೆಂದು ಕಾನ್ಸುಲ್ ತನ್ನ ದೇಶಕ್ಕೆ ವರದಿ ಕಳಿಸುತ್ತಿದ್ದದ್ದೇ ಗ್ವಾನ್‌ನ ನಾಲಿಗೆಯ ಬಲದಿಂದ. ಅದು ಕ್ಯಾಂಟನ್ನಿನಿಂದ ಫಂಗ್ ಬರುವ ತನಕ.

ಫಂಗ್‌ಗೆ ಇಂಗ್ಲಿಷ್ ನೀರು ಕುಡಿದಷ್ಟು ಸಲೀಸು. ಕಾನ್ಸುಲ್ ಅವನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡು ಗ್ವಾನ್‌ನನ್ನು ಬಾಗಿಲ ಬಳಿಯ ಸ್ಟೂಲಿಗೆ ತಳ್ಳಿದ. ಗ್ವಾನ್‌ನ ಹೊಟ್ಟೆಗೆ ಬೆಂಕಿ ಬಿತ್ತು. ಫಂಗ್ ನಕ್ಕರೂ ಉರಿ, ಕೆಮ್ಮಿದರೂ ಉರಿ.

ಒಂದು ಬೆಳಿಗ್ಗೆ ಹಳಿಯ ನಡುವಿನ ರೈಲುಠಾಣೆಯಿಂದ ರೈತನೊಬ್ಬ ಓಡಿ ಬಂದ. ಗ್ವಾನ್‌ನ ತಂಗಿ ಶ್ಯೂಝೆನ್ ಹಬೆಕಡುಬಿನ ಅಂಗಡಿ ಇಟ್ಟಿದ್ದದ್ದು ಅದೇ ಠಾಣೆಯಲ್ಲಿ.

"ಗಡ್ಡಗಳು ಬಂದಿದ್ವು ಸ್ವಾಮಿ! ಹಳಿ ಕಿತ್ತು, ಕುದುರೆ ಹೊಡ್ಕೊಂಡು ಹೋದ್ವು!"

ಆ ಸೀಮೆಯಲ್ಲಿ ಗಡ್ಡ ಎಂದರೆ ದರೋಡೆಕೋರ, ಕೆನ್ನೆ ಎಷ್ಟೇ ನುಣ್ಣಗಿರಲಿ. ದಕ್ಷಿಣದ ಫಂಗ್‌ಗೆ ಅದೇನು ಗೊತ್ತು? "ಗ್ವಾನಣ್ಣ, ಗಡ್ಡದೋರು ಅಂದ್ರೆ ರಷ್ಯಾ ಸಿಪಾಯಿಗಳು ತಾನೆ?" ಎಂದು ಮೆಲ್ಲಗೆ ಕೇಳಿದ.

"ಇಂಗ್ಲಿಷ್ ಪಂಡಿತ ನೀನು, ನನ್ನೇನ್ ಕೇಳ್ತಿ? ಬರಿ, ಬರಿ."

ವರದಿ ಸುಳ್ಳಾಗಲಿ, ಮೇಲಿನವರು ಉಗಿಯಲಿ, ಇವನು ಗಂಟುಮೂಟೆ ಕಟ್ಟಲಿ. ಗ್ವಾನ್‌ಗೆ ಬೇಕಾಗಿದ್ದದ್ದು ಇಷ್ಟೇ.

ಆದರೆ ಅಂದಿನ ಔತಣದಲ್ಲೇ ಕಾನ್ಸುಲ್ ರಷ್ಯನ್ನರು ಬಂದರೆಂಬ ಫಂಗ್‌ನ ಸುದ್ದಿಯನ್ನು ಜಪಾನಿ ಸೇನಾಧಿಕಾರಿಗೆ ಹೇಳಿಬಿಟ್ಟ. ಅವರು ನೆಪಕ್ಕೇ ಕಾದಿದ್ದರು. ರಷ್ಯನ್ನರನ್ನು ತಡೆಯುತ್ತೇವೆಂದು ಠಾಣೆಗೆ ನುಗ್ಗಿ, ಹಳಿಯ ಪಕ್ಕದ ಅಂಗಡಿಗಳನ್ನೆಲ್ಲ ಕೆಡವಿ ಮರಳುಚೀಲ ಪೇರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಶ್ಯೂಝೆನ್ ಉಳಿದ ಒಂದೇ ಹಬೆಪಾತ್ರೆಯನ್ನು ತಬ್ಬಿಕೊಂಡು ಅಣ್ಣನ ಮನೆಗೆ ಬಂದಳು. ಹಿಂದೆಯೇ ಫಂಗ್ ಬಂದ. ಅಷ್ಟರಲ್ಲಿ ಅವನಿಗೆ ಯಾರೋ ಗಡ್ಡ ಎಂಬ ಪದದ ಅರ್ಥ ಹೇಳಿದ್ದರು.

"ರಷ್ಯಾದೋರ ನೆರಳೂ ಇರ್ಲಿಲ್ಲ ಅಲ್ಲಿ. ಯಾವ ಕತ್ತೆ ಬರೆದಿದ್ದು ಅಣ್ಣ?" ಎಂದಳು ಶ್ಯೂಝೆನ್.

ಗ್ವಾನ್ ಫಂಗ್‌ನ ಕಡೆ ನೋಡಿದ. ಈಗ ಫಂಗ್ ಬಾಯಿ ಬಿಟ್ಟರೆ ತಂಗಿ ತನ್ನ ಮುಖಕ್ಕೆ ಉಗಿಯುತ್ತಾಳೆ.

"ನಾನೇ ಅಕ್ಕ," ಅಂದ ಫಂಗ್. "ಗೊತ್ತಿರ್ಲಿಲ್ಲ. ಯಾರನ್ನೂ ಕೇಳ್ಲೂ ಇಲ್ಲ. ಕೆಲಸ ಬಿಟ್ಟು ಬಂದಿದೀನಿ."

ಅವಳು ಬೈದಳು, ಅತ್ತಳು. ಕೊನೆಗೆ, "ಒಪ್ಕೊಳ್ಳೋ ಗಂಡಸೊಬ್ಬನಾದ್ರೂ ಸಿಕ್ಕಿದ್ನಲ್ಲ" ಎಂದು ಮೊದಲ ಬಟ್ಟಲು ಚಹಾವನ್ನು ಅವನಿಗೇ ಕೊಟ್ಟಳು. ಕಾನ್ಸುಲ್ ಪಕ್ಕದ ಕುರ್ಚಿ ಇನ್ನು ಗ್ವಾನ್‌ನದೇ. ಆದರೂ ಫಂಗ್‌ನ ಕೈಯ ಆ ಬಟ್ಟಲನ್ನು ನೋಡುತ್ತ ಅವನ ಹೊಟ್ಟೆ ಹಿಂದೆಂದಿಗಿಂತ ಹೆಚ್ಚು ಉರಿಯಿತು.