ನನ್ನ ಮುಖದ ಹಿಂದಿದ್ದ ಬೋರ್ಡು

ಮೂಡುಬಿದಿರೆಯ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತೊಂದು ವರ್ಷ ನಾನು ಖಾಸಗಿ ಬಸ್ಸುಗಳ ಏಜೆಂಟನಾಗಿದ್ದೆ. ಬೆಳ್ತಂಗಡಿಯ ಬಸ್ಸು ತನ್ನ ಸಮಯಕ್ಕಿಂತ ಒಂದು ನಿಮಿಷ ಹೆಚ್ಚು ನಿಂತರೂ ಅದರ ತಗಡಿಗೆ ಬಡಿದು, ಬೊಬ್ಬೆ ಹಾಕಿ ಓಡಿಸುತ್ತಿದ್ದವನು. ವಾಹನವನ್ನು ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ನಿಲ್ಲಿಸಬೇಕು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ ಎಂಬ ಜಂಬ ಎಪ್ಪತ್ತೆರಡನೇ ವಯಸ್ಸಿನಲ್ಲೂ ಹೋಗಿರಲಿಲ್ಲ.

ಹಾಗಾಗಿ ಆ ದಿನ ಮೆಡಿಕಲ್‌ನಿಂದ ಬಿ.ಪಿ. ಮಾತ್ರೆ ತೆಗೆದುಕೊಂಡು ಹೊರಗೆ ಬಂದವನಿಗೆ ಸ್ಕೂಟರಿನ ಹ್ಯಾಂಡಲಿಗೆ ಸಿಕ್ಕಿಸಿದ್ದ ದಂಡದ ಚೀಟಿ ಕಂಡು ಮೈಯೆಲ್ಲ ಉರಿಯಿತು. ನಿಲ್ಲಿಸಬಾರದ ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಐನೂರು ರೂಪಾಯಿ. ಎಲ್ಲಿದೆ ನೋ ಪಾರ್ಕಿಂಗ್ ಬೋರ್ಡು? ಇದ್ದದ್ದು ಒಂದು ಕಬ್ಬಿಣದ ಕಂಬ, ಅದಕ್ಕೆ ಕಟ್ಟಿದ ಒಂದು ಫ್ಲೆಕ್ಸ್. ಅದರ ಅಂಚು ಎತ್ತಿ ಇಣುಕಿದರೆ ಹಿಂದೆ ಬೋರ್ಡು ಅಡಗಿ ಕುಳಿತಿತ್ತು. ಮುಚ್ಚಿಟ್ಟ ಬೋರ್ಡಿನ ಲೆಕ್ಕದಲ್ಲಿ ದಂಡವೇ? ರಸ್ತೆಯ ಆಚೆಗೆ ಹೋಗಿ ಮೊಬೈಲಿನಲ್ಲಿ ಫೋಟೊ ಹೊಡೆದೆ. ಕನ್ನಡಕ ಸ್ಕೂಟರಿನ ಸೀಟಿನಡಿಯಲ್ಲಿತ್ತು. ಫ್ಲೆಕ್ಸ್ ಯಾರದ್ದೆಂದು ನೋಡುವ ತಾಳ್ಮೆ ಆ ಸಿಟ್ಟಿನಲ್ಲಿ ಇರಲಿಲ್ಲ. ಮಿಜಾರಿನ ಕಡೆಗಿರುವ ನನ್ನ ಮನೆ ಮುಟ್ಟುವುದರೊಳಗೆ ಎದುರಿನ ಹೋಟೆಲಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ, ಪರಿಚಯದ ರಿಕ್ಷಾದವರ ಹತ್ತಿರ, ಎಲ್ಲ ಕಡೆ ಹೇಳಿ ಆಗಿತ್ತು: "ಇವರಿಗೆ ಕಾನೂನು ಏನೆಂದು ನಾನು ಕಲಿಸ್ತೇನೆ."

ಹೆಂಡತಿ ಬಸಳೆಯ ದಂಟು ಮುರಿಯುತ್ತಿದ್ದಳು.

"ಕಟ್ಟಿ ಬಿಡಿ ಮಾರಾಯ್ರೆ. ಐನೂರಕ್ಕಾಗಿ ಬಿ.ಪಿ. ಏರಿಸಿಕೊಳ್ಳುವುದು ಯಾಕೆ?"

"ಐನೂರಿನ ಪ್ರಶ್ನೆ ಅಲ್ಲ, ನ್ಯಾಯದ ಪ್ರಶ್ನೆ. ಇಲ್ಲಿ ನೋಡು."

ಅವಳು ಕೈ ಒರೆಸಿಕೊಂಡು ಫೋಟೊವನ್ನು ಎರಡು ಬೆರಳಲ್ಲಿ ದೊಡ್ಡದು ಮಾಡಿದಳು. ಆಮೇಲೆ ಕೇಳಿದಳು, "ಇದು ನಿಮ್ಮ ಮಂಡೆ ಅಲ್ಲವಾ?"

ನನ್ನದೇ ಆಗಿತ್ತು. ನಮ್ಮ ಭಜನಾ ಮಂಡಳಿಯ ಐವತ್ತನೇ ವರ್ಷದ ಫ್ಲೆಕ್ಸ್ ಅದು. ಮೇಲೆ ದೇವರು, ಕೆಳಗೆ ಶಾಲು ಹೊದ್ದು ಕೈಮುಗಿದ ಅಧ್ಯಕ್ಷ, ಅಂದರೆ ನಾನು. ಹೇಳಬೇಕೆಂದರೆ ದೇವರಿಗಿಂತ ನಾನೇ ಒಂದು ಸುತ್ತು ದೊಡ್ಡದಾಗಿದ್ದೆ.

ಆಗ ಎಲ್ಲ ನೆನಪಾಯಿತು. ಎರಡು ವಾರದ ಹಿಂದೆ ಅದನ್ನು ಕಟ್ಟಿಸಿದವನೂ ನಾನೇ. ಪೇಟೆಯಲ್ಲಿ ಫ್ಲೆಕ್ಸ್ ಕಟ್ಟುವ ಕೆಲಸಕ್ಕೆಂದೇ ಒಬ್ಬನಿದ್ದಾನೆ, ಐವತ್ತು ದಾಟಿದವನು, ಒಂದು ಅಲ್ಯೂಮಿನಿಯಂ ಏಣಿಯೇ ಅವನ ಆಸ್ತಿ. ನಾನು ಎದುರಿನ ಹೋಟೆಲಿನಲ್ಲಿ ಚಾ ಕುಡಿಯುತ್ತಾ ಕೈ ತೋರಿಸುತ್ತಿದ್ದೆ. ಅವನು ಏಣಿಯ ಮೇಲಿಂದ ಕೂಗಿದ್ದ: "ಅಣ್ಣ, ಇದರಲ್ಲಿ ಪೊಲೀಸಿನವರ ಬೋರ್ಡು ಉಂಟು. ಆಚೆಯ ಕಂಬಕ್ಕೆ ಕಟ್ಟುವಾ?"

"ಬೋರ್ಡು ಯಾರು ಓದ್ತಾರೆ ಮಾರಾಯ? ಅಲ್ಲೇ ಕಟ್ಟು. ಎಲ್ಲರಿಗೂ ಮುಖ ಕಾಣ್ಬೇಕು."

ಮರ್ಯಾದೆಯಾಗಿ ದಂಡ ಕಟ್ಟಿ ಸುಮ್ಮನಾಗಲು ಇಷ್ಟು ಸಾಕಿತ್ತು. ಆದರೆ ಊರಿಗೆಲ್ಲ ಸಾರಿ ಬಂದವನು ನಾನು. ಹೋದಲ್ಲೆಲ್ಲ "ಏನಾಯಿತು, ಕಲಿಸಿದಿರಾ?" ಎಂದು ಕೇಳುತ್ತಿದ್ದರು. ಎರಡು ದಿನ ಯೋಚಿಸಿದೆ. ಯೋಚಿಸಿದೆ ಎನ್ನುವುದೂ ಸುಳ್ಳೇ. ಎರಡು ದಿನ ಸಿಟ್ಟು ಮಾಡಿಕೊಂಡೆ. ಚೀಟಿ ಬರೆದವನ ಮೇಲೆ, ಫ್ಲೆಕ್ಸ್ ಅಚ್ಚು ಹಾಕಿದವನ ಮೇಲೆ, ಮುಖ ಗುರುತು ಹಿಡಿದ ಹೆಂಡತಿಯ ಮೇಲೆ. ಮೂರನೆಯ ದಿನ ಫೋಟೊದ ಕೆಳಭಾಗವನ್ನು ಕತ್ತರಿಸಿದೆ. ದೇವರು ಉಳಿದರು, ಮಂಡಳಿಯ ಹೆಸರಿನ ಸಮೇತ ನಾನು ಹೋದೆ. ಕಂಬದ ಫ್ಲೆಕ್ಸನ್ನು ಪುರಸಭೆಯವರು ಅಷ್ಟರಲ್ಲಿ ಕಿತ್ತಿದ್ದರು, ಸಾಕ್ಷಿಗೆ ಉಳಿದದ್ದು ನನ್ನ ಫೋಟೊ ಒಂದೇ. ಅದನ್ನು ಪ್ರಿಂಟ್ ಮಾಡಿಸಿ, "ಯಾರೋ ಬೇಜವಾಬ್ದಾರಿ ಜನರು ಬೋರ್ಡು ಮುಚ್ಚಿರುತ್ತಾರೆ" ಎಂದು ನನ್ನ ಕೈಯಾರೆ ಅರ್ಜಿ ಬರೆದೆ. ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ಒಳ್ಳೆಯ ಅಂಕ ಬಂದಿತ್ತು ನನಗೆ. ಆ ವಿದ್ಯೆ ಬಳಕೆಯಾದದ್ದು ಇದಕ್ಕೆ.

ಠಾಣೆಯಲ್ಲಿದ್ದದ್ದು ಘಟ್ಟದ ಮೇಲಿನ ಊರಿನ ಎಸ್‌ಐ ಮೇಡಂ, ಚಿಕ್ಕ ಪ್ರಾಯ. ನಾನು ಜಗಳಕ್ಕೆ ತಯಾರಾಗಿ ಹೋಗಿದ್ದೆ. ಅವರು ಜಗಳವನ್ನೇ ಮಾಡಲಿಲ್ಲ.

"ನೀವು ಹೇಳೋದು ಸರಿ ಯಜಮಾನ್ರೆ. ಬೋರ್ಡು ಕಾಣದಿದ್ರೆ ನಿಮಗೆ ದಂಡ ಹಾಕೋದು ತಪ್ಪು." ಚೀಟಿಯನ್ನು ಹರಿದು ಹಾಕಿದರು. ನಾನು ಏಳುವುದರಲ್ಲಿದ್ದೆ. "ಕೂತ್ಕೊಳ್ಳಿ. ಬೋರ್ಡು ಮುಚ್ಚಿದವನ ಮೇಲೆ ಕೇಸು ಹಾಕ್ತೀನಿ. ನೀವೇ ದೂರು ಕೊಟ್ಟಿದ್ದೀರಲ್ಲ."

ಪೇಟೆಯಲ್ಲಿ ಫ್ಲೆಕ್ಸ್ ಕಟ್ಟುವವನನ್ನು ಹುಡುಕಲು ಎಷ್ಟು ಹೊತ್ತು ಬೇಕು? ಹತ್ತೇ ನಿಮಿಷದಲ್ಲಿ ಅವನನ್ನು ಏಣಿಯ ಸಮೇತ ಕರೆತಂದರು. ನನ್ನನ್ನು ಕಂಡು ಅವನ ಮುಖ ಅರಳಿತು. ಬಿಡಿಸಿಕೊಂಡು ಹೋಗಲು ಅಣ್ಣ ಬಂದಿದ್ದಾರೆ ಎಂದುಕೊಂಡನೋ ಏನೋ.

"ಆ ಕಂಬಕ್ಕೆ ಕಟ್ಟಿದ್ದು ನೀನಾ?"

"ನಾನೇ ಮೇಡಂ."

"ಯಾರು ಹೇಳಿದ್ದು ಅಲ್ಲಿ ಕಟ್ಟೋಕೆ?"

ಅವನು ನನ್ನ ಕಡೆ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಅವನು ಕಾದ. ನಾನು ಕ್ಯಾಲೆಂಡರಿನಲ್ಲಿ ಏಕಾದಶಿ ಯಾವತ್ತು ಎಂದು ಹುಡುಕುತ್ತಿದ್ದೆ.

"ನೆನಪಿಲ್ಲ ಮೇಡಂ," ಎಂದ.

ಅವನ ಮೇಲೆ ಕೇಸಾಯಿತು. ಏಣಿಯನ್ನು ಅಲ್ಲೇ ಇಟ್ಟುಕೊಂಡರು.

ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ: ಮನೆಗೆ ಬರುವಾಗ ನನಗೆ ಸಿಟ್ಟು ಬಂದದ್ದು ಅವನ ಮೇಲೆ. ಹೆಸರು ಹೇಳಬಾರದಿತ್ತೇ? ಹೇಳಿದ್ದರೆ ನಾನು ಒಪ್ಪಿಕೊಳ್ಳುತ್ತಿದ್ದೆ, ಅಥವಾ ಅಲ್ಲಗಳೆದು ಜಗಳ ಮಾಡುತ್ತಿದ್ದೆ. ಎರಡರಲ್ಲಿ ಒಂದಾದರೂ ಆಗುತ್ತಿತ್ತು. ನನ್ನ ಮರ್ಯಾದೆ ಉಳಿಸಲು ಇವನು ಯಾರು?

"ಗೆದ್ದಿರಾ?" ಎಂದು ಹೆಂಡತಿ ಕೇಳಿದಳು. ಗೆದ್ದೆ ಎಂದೆ. ನಡೆದದ್ದನ್ನು ಹೇಳಿದೆ. ಅವಳು ಬೈಯಲಿಲ್ಲ. ಆ ವಾರ ಭಜನೆಗೆ ಹೊರಟಾಗ ಮಾತ್ರ ನನ್ನ ತಾಳವನ್ನು ಕೈಗೆ ಕೊಡದೆ, "ಅಲ್ಲಿ ಉಂಟು, ತಗೊಳ್ಳಿ" ಎಂದಳು. ನಲವತ್ತು ವರ್ಷದಲ್ಲಿ ಅದೇ ಮೊದಲು.

ಠಾಣೆಯ ಕಾಂಪೌಂಡಿಗೆ ಒರಗಿಸಿಟ್ಟ ಏಣಿ ರಸ್ತೆಗೆ ಕಾಣುತ್ತಿತ್ತು. ಮಂಡಳಿಯ ಉಳಿದ ಫ್ಲೆಕ್ಸುಗಳನ್ನು ಕಟ್ಟಲು ಬಂಟ್ವಾಳದಿಂದ ಬೇರೆಯವರು ಬಂದರು. ಇವನು ಏಣಿಯಿಲ್ಲದೆ ಬಸ್ ಸ್ಟ್ಯಾಂಡಿನ ಕಟ್ಟೆಯಲ್ಲಿ ಕೂತಿರುತ್ತಿದ್ದ. ನನ್ನನ್ನು ಕಂಡರೆ ಎದ್ದು ನಿಲ್ಲುತ್ತಿದ್ದ. ಹಾಳಾದವನು, ಎದ್ದು ನಿಲ್ಲುತ್ತಿದ್ದ! ಒಂಬತ್ತು ದಿನ ಅದನ್ನು ಸಹಿಸಿದೆ. ಹತ್ತನೆಯ ದಿನ ಕತ್ತರಿಸದ ಫೋಟೊವನ್ನು ಪ್ರಿಂಟ್ ಮಾಡಿಸಿ ಠಾಣೆಗೆ ಹೋಗಿ ಮೇಡಂ ಅವರ ಮೇಜಿನ ಮೇಲಿಟ್ಟೆ.

ಅವರು ಫೋಟೊ ನೋಡಿದರು, ನನ್ನನ್ನು ನೋಡಿದರು.

"ನೀವೇನಾ?"

"ನಾನೇ. ಬೋರ್ಡು ಉಂಟು ಎಂದು ಅವನು ಹೇಳಿದ್ದ. ಕಟ್ಟು ಎಂದವನು ನಾನು. ಕೇಸು ನನ್ನ ಮೇಲೆ ಹಾಕಿ. ಆ ಐನೂರರ ಚೀಟಿಯನ್ನೂ ಪುನಃ ಬರೆಯಿರಿ."

"ಹರಿದಿದ್ದನ್ನ ಹೇಗೆ ಬರೀಲಿ?" ಎಂದರು. ಮೊದಲ ಸಲ ಅವರ ಧ್ವನಿ ಏರಿತು. "ಅವತ್ತು ಇಲ್ಲೇ ಕೂತಿದ್ರಲ್ಲ ಯಜಮಾನ್ರೆ, ಇದೇ ಕುರ್ಚಿಯಲ್ಲಿ! ಬಾಯಿ ಇರಲಿಲ್ವಾ?"

ಮೂವತ್ತೊಂದು ವರ್ಷ ಬೊಬ್ಬೆ ಹಾಕಿದ ಬಾಯಿ ಅದು.

ಕೇಸು ನನ್ನ ಹೆಸರಿಗೆ ಬಂತು. ಏಣಿ ಬಿಟ್ಟರು. ಅವನನ್ನು ಕರೆಯಲು ನಾನೇ ಬಸ್ ಸ್ಟ್ಯಾಂಡಿಗೆ ಹೋದೆ. ಠಾಣೆಯಲ್ಲಿ ಎಲ್ಲ ಹೇಳಿ ಬಂದೆ ಎಂದಾಗ ಅವನು ಸಂತೋಷಪಡಲಿಲ್ಲ, ಕಣ್ಣೀರು ಹಾಕಲಿಲ್ಲ. ಸೀದಾ ಠಾಣೆಗೆ ಬಂದು ಏಣಿಯ ಒಂದು ತುದಿ ಎತ್ತಿದ.

"ಆ ಕಡೆ ಹಿಡಿಯಿರಿ ಅಣ್ಣ."

"ನಾನಾ? ಒಂದು ಗೂಡ್ಸ್ ರಿಕ್ಷಾ ಮಾಡುವ."

"ರಿಕ್ಷಾ ಯಾಕೆ? ಪೇಟೆಯ ನಡುವಿನಿಂದಲೇ ಹೋಗುವ. ಎಲ್ಲರಿಗೂ ಮುಖ ಕಾಣ್ಲಿ."

ಸಿಟ್ಟು ನೆತ್ತಿಗೇರಿತು. ಏಣಿಯನ್ನು ಅಲ್ಲೇ ಎಸೆದು ಹೋಗೋಣ ಅನಿಸಿತು. ಎಸೆಯಲಿಲ್ಲ. ಹೋಟೆಲಿನ ಎದುರು, ಮೆಡಿಕಲ್‌ನ ಎದುರು, ರಿಕ್ಷಾಗಳ ಸಾಲಿನ ಎದುರು ಅವನ ಹಿಂದೆ ನಡೆದೆ. "ಏನು ಅಧ್ಯಕ್ಷರೇ, ಹೊಸ ಕೆಲಸವಾ?" ಎಂದು ಒಬ್ಬ ಕೇಳಿದ. ಆ ಕಂಬದ ಹತ್ತಿರ ಬಂದೆವು. ಫ್ಲೆಕ್ಸ್ ಇಲ್ಲದೆ ಬೋರ್ಡು ಚೆನ್ನಾಗಿ ಕಾಣುತ್ತಿತ್ತು. ಅದರ ಕೆಳಗೆ ಒಂದು ಕಾರು ನಿಂತಿತ್ತು. ಬೈಯಲು ಬಾಯಿ ತೆರೆದೆ. ಮುಂದಿದ್ದವನು ತಿರುಗಿ ನೋಡಿದ. ಬಾಯಿ ಮುಚ್ಚಿ, ಏಣಿಯನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡೆ.