ಬೆನ್ನು ನೋಡಿದವಳು ಬರೆದ ಸೊನ್ನೆ

ಸೋಲೋ ಊರಿನ ಲಾವೆಯಾನ್ ಓಣಿಯಲ್ಲಿ ಬಾತಿಕ್ ಬಟ್ಟೆಗೆ ಮೇಣದ ಗೆರೆ ಎಳೆಯುವ ಹೆಂಗಸರಲ್ಲಿ ತುಮಿರಾಳನ್ನು ಮೀರಿಸುವವರಿರಲಿಲ್ಲ. ಅಂಥ ಕೈಗೆ ಅದ್ಯಾರ ಕಣ್ಣು ಬಿತ್ತೋ, ಎರಡು ವರ್ಷದ ಹಿಂದೆ ಪಿತ್ತದ ಗಂಧೆ ಏಳಲು ಶುರುವಾಯಿತು. ಮೇಣದ ಒಲೆಯ ಬಿಸಿ ತಾಗಿದರೆ ಸಾಕು, ತೋಳು, ಹೊಟ್ಟೆ, ಬೆನ್ನು, ಎಲ್ಲೆಂದರಲ್ಲಿ ಕೆಂಪಗೆ ದಪ್ಪ ದಪ್ಪ ದದ್ದು. ಬೆಳಿಗ್ಗೆ ಮಾಯ, ಸಂಜೆಗೆ ಹಾಜರ್. ಕೆರೆದು ಕೆರೆದು ನಿದ್ದೆ ಹೋಯಿತು, ನಿದ್ದೆಗೆಟ್ಟು ಗೆರೆ ಸೊಟ್ಟಗಾಯಿತು. ಕೆಲಸ ಕೊಡುವ ಯಜಮಾನಿ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಆ ಊರಿನಲ್ಲಿ ಯಾರೂ ಅನ್ನುವುದಿಲ್ಲ. ನಾಜೂಕಿನ ಬಟ್ಟೆಗಳು ಮಾತ್ರ ಒಂದೊಂದಾಗಿ ಬೇರೆಯವರ ಕೈಗೆ ಹೋಗತೊಡಗಿದವು.

ಕೊನೆಗೆ ದೊಡ್ಡಾಸ್ಪತ್ರೆಗೆ ಹೋದಳು. ಡಾಕ್ಟರು ಎಳೆಯ ವಯಸ್ಸಿನವನು. "ಹೇಗಿದ್ದೀರಿ, ಬು?" ಎಂದು ಅಮ್ಮನನ್ನು ಕರೆಯುವ ಹಾಗೆ ಕೇಳಿದ.

"ಏನಿಲ್ಲ, ಪಾಕ್ ಡಾಕ್ಟ್ರೇ. ಆರಾಮಿದ್ದೀನಿ." ಗೌರವಕ್ಕೆ 'ಪಾಕ್' ಸೇರಿಸಿ ಹೇಳುತ್ತಲೇ ತೋಳು ಕೆರೆದುಕೊಂಡಳು.

ಅವನಿಗೆ ನಗು ಬಂತು. "ಆರಾಮಿರೋರು ಎರಡು ಬಸ್ ಹತ್ಕೊಂಡು ಇಲ್ಲಿಗ್ಯಾಕೆ ಬರ್ತಾರೆ? ನಮ್ಮಮ್ಮಂದೂ ಇದೇ ಕಥೆ. ನಿಮ್ಮ ಬಾಯಿ ನಂಬಲ್ಲ ನಾನು, ಕಾಗದ ಹೇಳ್ಲಿ."

ಕಾಗದದಲ್ಲಿ ಹದಿನಾಲ್ಕು ದಿನದ ಚೌಕಗಳು. ತುರಿಕೆ ಎಷ್ಟು, ಗಂಧೆ ಎಷ್ಟು, ಇಲ್ಲವೇ ಇಲ್ಲ ಅಂದರೆ ಸೊನ್ನೆ, ತಡೆಯಲಾರೆ ಅಂದರೆ ಮೂರು. ರಕ್ತವನ್ನೂ ತೆಗೆದರು. ಹೊಸ ಚುಚ್ಚುಮದ್ದು ಬಂದಿದೆ, ಆರು ಜನರಿಗಷ್ಟೇ ಪುಕ್ಕಟೆ. ರಕ್ತದಲ್ಲಿ ಉರಿಯೂತದ ಅಂಕಿ ಏರಿರಬೇಕು, ಕಾಗದದ ಅಂಕಿಯೂ ಏರಿರಬೇಕು. ಎರಡೂ ಕೂಡಿದರೆ ಅವಳ ನಿದ್ದೆ ಅವಳಿಗೆ, ನಾಜೂಕಿನ ಬಟ್ಟೆ ಮತ್ತೆ ಅವಳ ಕೈಗೆ.

ಸಂಜೆ ಬೆರಳುಗಳು ಬಾತು ಪೆನ್ಸಿಲ್ ಹಿಡಿಯಲಾಗುತ್ತಿರಲಿಲ್ಲ. ಬರೆಯುವ ಕೆಲಸವನ್ನು ಸುಪಾರ್ತಿ ವಹಿಸಿಕೊಂಡಳು. ಬೆನ್ನ ಮೇಲೆ ಬುಟ್ಟಿ ಹೊತ್ತು ಓಣಿ ಓಣಿ ಜಾಮು ಕಷಾಯ ಮಾರುವವಳು, ಲಂಗ ಹಾಕುವ ವಯಸ್ಸಿನಿಂದ ಗೆಳತಿ, ತುಮಿರಾಳನ್ನು ಅಕ್ಕ ಅನ್ನುವ ಹಾಗೆ 'ಯು' ಎಂದೇ ಕರೆಯುವವಳು. ದಿನಾ ಸಂಜೆ ಬಂದು, ಒಂದು ಲೋಟ ಜಾಮು ಕುಡಿಸಿ, ತುಮಿರಾಳ ಕೈಗೆಟುಕದ ಬೆನ್ನಿಗೆ ತಣ್ಣನೆಯ ಅಕ್ಕಿಹಿಟ್ಟಿನ ಲೇಪ ಹಚ್ಚುತ್ತಿದ್ದಳು. ತುಮಿರಾ 'ಏನಿಲ್ಲ' ಅನ್ನದೆ ಅಳುತ್ತಿದ್ದುದು ಈ ಲೋಕದಲ್ಲಿ ಅವಳೊಬ್ಬಳ ಮುಂದೆ.

"ಅಯ್ಯಯ್ಯೋ ಯು, ಬೆನ್ನು ಪೂರ್ತಿ ಹಪ್ಪಳ ಕರಿದಂಗೆ ಎದ್ದಿದೆಯಲ್ಲೇ!"

"ಸಾಯೋ ಹಾಗಾಗ್ತಿದೆ ಕಣೇ. ಮೂರು ಹಾಕು."

"ಹಾಕ್ದೆ, ಹಾಕ್ದೆ. ನೀ ಅಲ್ಲಾಡಬೇಡ."

ತುಮಿರಾ ಒಂದು ದಿನವೂ ಕಾಗದ ನೋಡಲಿಲ್ಲ. ಗೆಳತಿ ಬರೆದದ್ದನ್ನು ತಿರುಗಿಸಿ ನೋಡುವುದೆಂದರೆ ಅವಳ ಮುಖಕ್ಕೆ ಹೊಡೆದ ಹಾಗೆ. ಮಡಿಸಿ ಕೊಟ್ಟದ್ದನ್ನು ಮಡಿಸಿದಂತೆಯೇ ಒಯ್ದಳು.

ಹದಿನೈದನೆಯ ದಿನ ಡಾಕ್ಟರು ಎರಡು ಕಾಗದ ಪಕ್ಕಪಕ್ಕ ಇಟ್ಟ. "ರಕ್ತ ನೋಡಿದ್ರೆ ಒಳಗೆ ಬೆಂಕಿ ಬಿದ್ದಿದೆ ಅನ್ನುತ್ತೆ. ನಿಮ್ಮ ಕಾಗದದಲ್ಲಿ ಸಾಲಾಗಿ ಸೊನ್ನೆ, ಎಲ್ಲೋ ಒಂದೆರಡು ಕಡೆ ಒಂದು. ಯಾವುದು ನಿಜ ಬು? ಈ ಸಲ ನಿಮ್ಮ ಬಾಯನ್ನೇ ನಂಬ್ತೀನಿ, ನೀವು ಹೇಳಿದ್ದನ್ನೇ ಬರ್ಕೋತೀನಿ."

ಸೊನ್ನೆಗಳು ಸುಪಾರ್ತಿಯವೇ, ಗುಂಡಗೆ, ಒಪ್ಪವಾಗಿ. ಬೆನ್ನು ಸವರಿದ ಅದೇ ಕೈಯಲ್ಲವೇ ಇದು? ನಿಜ ನಾಲಿಗೆಯ ತುದಿಗೆ ಬಂತು. ಆದರೆ ಹೇಗೆ ಹೇಳುವುದು? ಪರರ ಮುಂದೆ ಗೆಳತಿಯ ಮಾನ ಕಳೆಯುವುದೇ? ಅಷ್ಟರಲ್ಲಿ ಹಾಳು ಬಾಯಿ ತನ್ನ ಅಭ್ಯಾಸದ ಮಾತನ್ನು ಆಡಿಬಿಟ್ಟಿತು.

"ಏನಿಲ್ಲ, ಪಾಕ್ ಡಾಕ್ಟ್ರೇ. ಆರಾಮಿದ್ದೀನಿ."

ಅವಳು ಗೇಟು ದಾಟುವ ಮೊದಲೇ ಒಳಗೆ ಆರನೆಯವರ ಹೆಸರು ಕೂಗಿದರು.

ಓಣಿಯ ಮೂಲೆಯಲ್ಲಿ ಸುಪಾರ್ತಿ ಬುಟ್ಟಿ ಇಳಿಸಿಕೊಂಡು ಕೂತಿದ್ದಳು, ಸುತ್ತ ಐದಾರು ಹೆಂಗಸರು. "ಅಗೋ ಬಂದ್ಲು, ಅವಳನ್ನೇ ಕೇಳಿ! ನನ್ನ ಅರಿಸಿನ-ಹುಣಸೆ ಜಾಮು ಕುಡ್ದು ಗಂಧೆ ಹೇಗೆ ಇಳೀತು ಅಂತ. ಆಸ್ಪತ್ರೆ ಕಾಗದದಲ್ಲೇ ಸೊನ್ನೆ ಇದೆ! ಹೇಳು ಯು."

ಓಹೋ, ಇದಕ್ಕಾ! ತುಮಿರಾಳಿಗೆ ಮೈಯೆಲ್ಲ ಉರಿದುಹೋಯಿತು. ನಂಬಿಸಿ ಕತ್ತು ಕೊಯ್ಯುವುದು ಅನ್ನುತ್ತಾರಲ್ಲ, ಕತ್ತನ್ನಾದರೂ ಕೊಯ್ಯುವುದು ಒಂದೇ ಸಲ. ಇವಳು ಹದಿನಾಲ್ಕು ಸಂಜೆ ಕೊಯ್ದಿದ್ದಳು, ಲೇಪ ಹಚ್ಚುತ್ತ.

"ನನ್ನ ಬೆನ್ನು ನೋಡಿದ್ದೀಯಲ್ಲೇ ಸುಪಾರ್ತಿ," ಎಂದಳು ಮೆಲ್ಲಗೆ. "ನಿನ್ನ ಕಣ್ಣಾರೆ ನೋಡಿ ಬರೆದೆಯಾ?"

ಸುಪಾರ್ತಿಯ ಮುಖ ಪೆಚ್ಚಾಯಿತು. ಎದ್ದು ಬಂದು ಕಿವಿಯ ಹತ್ತಿರ ಪಿಸುಗುಟ್ಟಿದಳು: "ನೀನೇ ಜಾಮು ಬಿಟ್ಟು ಸೂಜಿ ಚುಚ್ಚಿಸ್ಕೊಂಡ್ರೆ ಈ ಓಣೀಲಿ ನನ್ನನ್ನ ಯಾರು ಮೂಸಿ ನೋಡ್ತಾರೆ ಯು? ಇವತ್ತಲ್ಲ ನಾಳೆ ನನ್ನ ಜಾಮೂಗೇ ಇಳಿಯುತ್ತೆ ಅಂದ್ಕೊಂಡೆ."

ತುಮಿರಾ ಮನೆಗೆ ನಡೆದಳು.

ಸಂಜೆ ಗಂಧೆ ಎದ್ದಿತು, ಎಂದಿಗಿಂತ ಜೋರಾಗಿ. ಎರಡು ಹೆಗಲ ನಡುವೆ, ಕೈಗೆಟುಕದ ಕಡೆಯೇ. ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತ ನಿಂತಿದ್ದಾಗ ಹೊರಗೆ ಚಪ್ಪಲಿ ಬಿಟ್ಟ ಸದ್ದು, ಬಟ್ಟಲು ಇಟ್ಟ ಸದ್ದು.

"ಯು, ಬಾಗಿಲು ತೆಗಿಯೇ. ಲೇಪ ತಂದಿದ್ದೀನಿ. ತುಂಬಾ ತುರಿಸ್ತಿದೆಯಾ?"

ತುಮಿರಾಳ ಕೈ ಚಿಲಕದವರೆಗೆ ಹೋಗಿ ಹಿಂದೆ ಬಂತು.

"ಏನಿಲ್ಲ," ಎಂದಳು ಒಳಗಿನಿಂದಲೇ, ಡಾಕ್ಟರಿಗೆ ಹೇಳುವಷ್ಟೇ ವಿನಯದಿಂದ. "ಆರಾಮಿದ್ದೀನಿ."